ಐವತ್ತೈದು ಸಾವಿರ ಎಂಬತ್ತು ಸಾವಿರ ಆಗುವ ಬಗೆ

ಮೂರು ಲಕ್ಷದ ಆಸುಪಾಸಿನಲ್ಲಿ ನೇಕೆಡ್ ಬೈಕ್ ಹುಡುಕುವವರು ಕೊನೆಗೆ ಬಂದು ನಿಲ್ಲುವುದು ಹೆಚ್ಚಾಗಿ ಒಂದೇ ಜಾಗದಲ್ಲಿ: ಕೆಟಿಎಂ 390 ಡ್ಯೂಕೋ, ಟ್ರಯಂಫ್ ಸ್ಪೀಡ್ 400ಓ? ಒಂದಕ್ಕೆ ಆಸ್ಟ್ರಿಯಾದ ಹೆಸರು, ಇನ್ನೊಂದಕ್ಕೆ ಇಂಗ್ಲೆಂಡಿನದು. ತಯಾರಾಗುವುದು ಮಾತ್ರ ಎರಡೂ ಪುಣೆ ಪಕ್ಕದ ಚಾಕಣದಲ್ಲಿ, ಬಜಾಜ್ ಕಾರ್ಖಾನೆಯಲ್ಲಿ. ಎರಡಕ್ಕೂ ಒಂದೇ ಸಿಲಿಂಡರ್, ಲಿಕ್ವಿಡ್ ಕೂಲಿಂಗ್, ಆರು ಗೇರು. ಒಂದು 399 ಸಿಸಿ, ಇನ್ನೊಂದು 398. 2025ರ ಆರಂಭದಲ್ಲಿ ಡ್ಯೂಕ್‌ನ ಎಕ್ಸ್‌ಶೋರೂಮ್ ಬೆಲೆ 2.95 ಲಕ್ಷ ಇತ್ತು, ಸ್ಪೀಡ್‌ನದು 2.40 ಲಕ್ಷ. ಆಮೇಲೆ ಬೆಲೆ ಅತ್ತಿತ್ತ ಆಗಿದ್ದರೂ ಲೆಕ್ಕದ ದಾರಿ ತೋರಿಸಲು ಈ ಅಂಕಿಗಳೇ ಸಾಕು. ಯಾವ ಬೈಕ್ ಮೇಲು ಎಂದು ಜಗಳವಾಡುವವರಿಗೆ ಕೊರತೆಯಿಲ್ಲ. ನಡುವಿನ ಆ 55 ಸಾವಿರ ನಿಜವಾಗಿ ಎಷ್ಟಾಗುತ್ತದೆ, ಅದಕ್ಕೆ ಪ್ರತಿಯಾಗಿ ಏನು ಸಿಗುತ್ತದೆ, ಸಿಕ್ಕಿದ್ದನ್ನು ನಾವು ಓಡಿಸುವ ರಸ್ತೆಯಲ್ಲಿ ಬಳಸುತ್ತೇವೆಯೇ ಎಂದು ಕೇಳುವವರು ಕಡಿಮೆ. ಬೈಕ್ ಆರಿಸಲು ಈ ಮೂರು ಪ್ರಶ್ನೆ ಸಾಕು ಎಂಬುದು ನನ್ನ ವಾದ.

ಮೊದಲು ಹಣ. ಕರ್ನಾಟಕದಲ್ಲಿ ಒಂದು ಲಕ್ಷ ದಾಟಿದ ಪೆಟ್ರೋಲ್ ಬೈಕಿಗೆ ಆಜೀವ ತೆರಿಗೆ ಶೇ 18, ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ಅಂದರೆ ಬೆಲೆಯ ಐದನೇ ಒಂದು ಪಾಲು ಆರ್‌ಟಿಒ ಕಚೇರಿಗೇ ಹೋಯಿತು. 55 ಸಾವಿರದ ವ್ಯತ್ಯಾಸ ಇಲ್ಲಿಗೇ 66 ಸಾವಿರ. ಥರ್ಡ್ ಪಾರ್ಟಿ ವಿಮೆಯಲ್ಲಿ ತಾರತಮ್ಯವಿಲ್ಲ; 350 ಸಿಸಿ ಮೀರಿದ ಹೊಸ ಬೈಕಿಗೆ ಐದು ವರ್ಷಕ್ಕೆ 15,117 ರೂಪಾಯಿ ಎಂದು 2022ರಲ್ಲಿ ನಿಗದಿಯಾದದ್ದು ಎರಡಕ್ಕೂ ಒಂದೇ. ಇನ್ನು ಸಾಲ. ಕೈಯಲ್ಲಿರುವ ಡೌನ್ ಪೇಮೆಂಟ್ ಯಾವ ಬೈಕ್ ತೆಗೆದುಕೊಂಡರೂ ಅಷ್ಟೇ ತಾನೆ? ಹಾಗಾಗಿ ಆ 66 ಸಾವಿರ ಪೂರ್ತಿಯಾಗಿ ಸಾಲದ ಲೆಕ್ಕಕ್ಕೇ ಬೀಳುತ್ತದೆ. ಮೂರು ವರ್ಷಕ್ಕೆ, ಇಳಿಕೆ ಬಾಕಿಯ ಮೇಲೆ ಶೇ 11 ಬಡ್ಡಿಯೆಂದರೆ ತಿಂಗಳ ಕಂತು ಸುಮಾರು 2,160 ರೂಪಾಯಿ, ಒಟ್ಟು ಹತ್ತಿರ ಹತ್ತಿರ 78 ಸಾವಿರ. ಸ್ವಂತ ಹಾನಿಯ ವಿಮೆಯಲ್ಲಿ ಬೀಳುವ ಚೂರುಪಾರು ಸೇರಿಸಿ 80 ಸಾವಿರ ಎನ್ನೋಣ. ಶೋರೂಮ್ ಮೇಜಿನ ಮೇಲೆ ಬರೆದುಕೊಟ್ಟ 11 ‘ಫ್ಲ್ಯಾಟ್’ ಬಡ್ಡಿಯಾಗಿದ್ದರೆ ಕತೆಯೇ ಬೇರೆ. ಆಗ ತೀರಿಸಿದ ಅಸಲಿನ ಮೇಲೂ ಬಡ್ಡಿ ಕಟ್ಟುತ್ತೀರಿ. ಕಂತು 2,438ಕ್ಕೆ ಏರುತ್ತದೆ, ನಿಜವಾದ ದರ ಹತ್ತೊಂಬತ್ತೂವರೆಯ ಹತ್ತಿರ ಬರುತ್ತದೆ. ಹತ್ತು ಸಾವಿರ ಹೀಗೆ ಸದ್ದಿಲ್ಲದೆ ಹೋಗುತ್ತದೆ. ಡ್ಯೂಕೋ ಸ್ಪೀಡೋ ಎಂದು ವಾರಗಟ್ಟಲೆ ತಲೆಕೆಡಿಸಿಕೊಂಡವರು ಈ ಒಂದು ಪದವನ್ನು ಕೇಳದೆ ಸಹಿ ಹಾಕಿಬಿಡುತ್ತಾರೆ.

‘ಜಾಸ್ತಿ ಕೊಟ್ಟರೆ ಮಾರುವಾಗ ಜಾಸ್ತಿ ಬರುತ್ತದಲ್ಲ’ ಎಂಬ ಮಾತಿದೆ. ಬರುತ್ತದೆ, ಆದರೆ ಬೈಕಿಗೆ ಕೊಟ್ಟ ಹಣದಲ್ಲಿ ಮಾತ್ರ. ತೆರಿಗೆ, ಬಡ್ಡಿ ಬರುವುದಿಲ್ಲ. ವಿಮಾ ಕಂಪನಿಗಳ ಸವಕಳಿ ಕೋಷ್ಟಕದಲ್ಲಿ ನಾಲ್ಕು ವರ್ಷ ದಾಟಿ ಐದು ತುಂಬುವವರೆಗಿನ ವಾಹನಕ್ಕೆ ಅರ್ಧ ಬೆಲೆ. ಅದೇ ಅಳತೆ ಹಿಡಿದು ಐದು ವರ್ಷಕ್ಕೆ ಮಾರಿದರೆ 55 ಸಾವಿರದಲ್ಲಿ ಇಪ್ಪತ್ತೇಳೂವರೆ ಸಾವಿರ ವಾಪಸು, ಒಟ್ಟು 80 ಸಾವಿರದಲ್ಲಿ ಮಿಕ್ಕ ಐವತ್ತೆರಡೂವರೆ ಸಾವಿರ ಖರ್ಚು. ಅರವತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 875 ರೂಪಾಯಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವನು ಡ್ಯೂಕ್ ಕಂಡೊಡನೆ ‘ಯಾವ ಹುಡುಗ ಹೇಗೆ ಓಡಿಸಿದ್ದಾನೋ’ ಎಂದು ಚೈನು, ಟೈರು ನೋಡಿ ಚೌಕಾಸಿಗೆ ಇಳಿಯುವ ಸಂಭವವನ್ನು ನಾನು ಈ ಲೆಕ್ಕಕ್ಕೆ ಸೇರಿಸಿಲ್ಲ. ಇಷ್ಟಾಗಿ 875 ಭಯಪಡುವ ಮೊತ್ತವೇನಲ್ಲ ಎಂದು ಒಪ್ಪುತ್ತೇನೆ. ತಿಂಗಳಿಗೆ ಎರಡು ಸಲ ಹೋಟೆಲ್ ಊಟ ಬಿಟ್ಟರೆ ಮುಗಿಯಿತು. ಆದ್ದರಿಂದಲೇ ಮುಂದಿನ ಪ್ರಶ್ನೆ ಮುಖ್ಯ.

ಆ ಹಣಕ್ಕೆ ಸಿಗುವುದೇನು? ಎಲ್ಲರೂ ತೋರಿಸುವುದು ಶಕ್ತಿಯನ್ನು: ಡ್ಯೂಕ್ 46 ಪಿಎಸ್, ಸ್ಪೀಡ್ 40. ಪಕ್ಕದ ಸಾಲು ಓದಿ. ಟಾರ್ಕ್ 39 ಎನ್‌ಎಂ ಮತ್ತು 37.5 ಎನ್‌ಎಂ, ಎರಡೂ ಅದನ್ನು ಮುಟ್ಟುವುದು 6,500 ಆರ್‌ಪಿಎಂನಲ್ಲಿ. ಸಿಗ್ನಲ್ ಬಿಟ್ಟು ಮುನ್ನುಗ್ಗುವಾಗ, ಬಸ್ ಹಿಂದಿಕ್ಕುವಾಗ ಬೆನ್ನಿಗೆ ತಾಗುವುದು ಈ ಎಳೆತ. ಅಲ್ಲಿಯವರೆಗೆ ಇಬ್ಬರೂ ಅಣ್ಣತಮ್ಮಂದಿರು. ಆ ಹೆಚ್ಚಿನ ಆರು ಪಿಎಸ್ ಕಾಣಿಸಿಕೊಳ್ಳುವುದು ಅದರಾಚೆ, ಎಂಜಿನ್ ಚೀರುವಷ್ಟು ತಿರುಚಿದಾಗ. ತಿರುಚಲು ಜಾಗ ಎಲ್ಲಿದೆ? ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವೇ ಇಲ್ಲ. ಸರ್ವಿಸ್ ರಸ್ತೆಯ ಹಂಪುಗಳ ಮೇಲೆ ಹೋಗಬೇಕು. ನಾಲ್ಕು ಪಥದ ಹೆದ್ದಾರಿಯಲ್ಲಿ ದ್ವಿಚಕ್ರಕ್ಕೆ ಕೇಂದ್ರದ ಗರಿಷ್ಠ ಮಿತಿ ಗಂಟೆಗೆ 80 ಕಿಲೋಮೀಟರ್. ಕೊಯಮತ್ತೂರಿನ ಕರಿ ಟ್ರ್ಯಾಕಿಗೆ ಹೋಗಿ ಬೈಕ್ ಬಿಡುವವರಿದ್ದಾರೆ. ಅವರಿಗೆ ಈ ಅಂಕಣ ಬೇಕಿಲ್ಲ.

ಹಾಗೆಂದು ಡ್ಯೂಕ್ ದುಡ್ಡಿಗೆ ದಂಡ ಎನ್ನಲಾರೆ. ಕಾರಣ ಬೇರೆಡೆ ಇದೆ, ಜಾಹೀರಾತಿನಲ್ಲಿ ಸಣ್ಣಕ್ಷರದಲ್ಲಿ: ಅದಕ್ಕೆ ಕಾರ್ನರಿಂಗ್ ಎಬಿಎಸ್ ಇದೆ, ಸ್ಪೀಡ್‌ಗೆ ಮಾಮೂಲಿ ಎಬಿಎಸ್ ಮಾತ್ರ. ಮಾಮೂಲಿ ಎಬಿಎಸ್ ಚಕ್ರ ಕಚ್ಚಿಕೊಳ್ಳುತ್ತಿದೆಯೇ ಎಂದಷ್ಟೇ ನೋಡುತ್ತದೆ. ಕಾರ್ನರಿಂಗ್ ಎಬಿಎಸ್ ಬೈಕ್ ಎಷ್ಟು ವಾಲಿದೆ ಎಂಬುದನ್ನೂ ಅಳೆದು ಬ್ರೇಕಿನ ಒತ್ತಡ ಹೊಂದಿಸುತ್ತದೆ. ಜುಲೈ ತಿಂಗಳಲ್ಲಿ ಚಾರ್ಮಾಡಿ ಇಳಿಯುವಾಗ, ಹೇರ್‌ಪಿನ್ ತಿರುವಿನ ಮಧ್ಯೆ ಎದುರಿಗೆ ಬಸ್ಸಿನ ಮೂತಿ ಕಂಡು ಕೈ ತಾನಾಗಿ ಬ್ರೇಕ್ ಹಿಡಿದಾಗ, ಬೆಲೆ ಬರುವುದು ಇದಕ್ಕೆ. ಆರು ಪಿಎಸ್‌ಗೆ ನಾನು ತಿಂಗಳಿಗೆ ನೂರು ರೂಪಾಯಿಯನ್ನೂ ಕೊಡಲಾರೆ. ಇದಕ್ಕೆ 875 ಕೊಡುವವರನ್ನು ದುಂದುಗಾರರೆನ್ನಲಾರೆ. ಕ್ವಿಕ್‌ಶಿಫ್ಟರ್, ಬಣ್ಣದ ಪರದೆ, ಲಾಂಚ್ ಕಂಟ್ರೋಲ್ ಇತ್ಯಾದಿ ಮೊದಲ ತಿಂಗಳ ಸಂಭ್ರಮ.

ಕೆಟಿಎಂ ದಿವಾಳಿಯಾಯಿತಲ್ಲ, ಬಿಡಿಭಾಗದ ಗತಿಯೇನು ಎನ್ನುವವರಿದ್ದಾರೆ. 2024ರ ನವೆಂಬರ್‌ನಲ್ಲಿ ಆಸ್ಟ್ರಿಯಾದ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದದ್ದು ನಿಜ. ಮರುವರ್ಷ ಹಣ ಹಾಕಿ ಎತ್ತಿದ್ದು ಬಜಾಜ್. ಇಲ್ಲಿ ಬೈಕ್ ಮಾಡಿ ಮಾರುವವರೂ ಅವರೇ ಆದ್ದರಿಂದ ಈ ಅಂಜಿಕೆಗೆ ನಾನು ತೂಕ ಕೊಡುವುದಿಲ್ಲ. ಸ್ಪೀಡ್‌ನ ಪರವಾಗಿ ಹೇಳುವ 16 ಸಾವಿರ ಕಿಲೋಮೀಟರಿನ ಸರ್ವಿಸ್ ಅಂತರವೂ ಅಷ್ಟೇ. ಕಿಲೋಮೀಟರ್ ತುಂಬದಿದ್ದರೂ ವರ್ಷಕ್ಕೊಮ್ಮೆ ಹೋಗಲೇಬೇಕು. ದಿನಕ್ಕೆ ಇಪ್ಪತ್ತು ಕಿಲೋಮೀಟರ್ ಓಡಿಸುವವನಿಗೆ ಆ ಅಂಕಿಯಿಂದ ಉಪಯೋಗವಿಲ್ಲ.

ತೂಕವಿರುವ ಆಕ್ಷೇಪ ಇನ್ನೊಂದು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇ 18ಕ್ಕೆ ಇಳಿಯಿತು, ಮೇಲಿನದಕ್ಕೆ 40 ಆಯಿತು. ಥರ್ಡ್ ಪಾರ್ಟಿ ವಿಮೆಯೂ 350ರ ಒಳಗೆ 7,365 ರೂಪಾಯಿ, ಅರ್ಧಕ್ಕೂ ಕಡಿಮೆ. ಹಾಗಿದ್ದರೆ ಈ ಇಬ್ಬರ ಜಗಳವೇ ಏಕೆ? ವಾರವಿಡೀ ಊರೊಳಗೆ ಓಡಿಸುವವರಿಗೆ ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಅವರು 350ರೊಳಗೇ ನೋಡಲಿ. ನಗರದ ಓಡಾಟದ ಜೊತೆ ತಿಂಗಳಿಗೊಮ್ಮೆ ಹೆದ್ದಾರಿ ಹಿಡಿಯುವವರಿಗೆ ಸ್ಪೀಡ್ 400. ಉಳಿದ ಹಣದಲ್ಲಿ ಒಳ್ಳೆಯ ಹೆಲ್ಮೆಟ್, ಜಾಕೆಟ್, ಬೂಟು ಬರುತ್ತವೆ. ಮಳೆಗಾಲದಲ್ಲೂ ಘಟ್ಟ ಹತ್ತಿಳಿಯುವವರು ಡ್ಯೂಕ್ ಕೊಳ್ಳಲಿ. ಯಾವುದನ್ನೇ ಕೊಂಡರೂ ಬಡ್ಡಿ ಫ್ಲ್ಯಾಟೋ ಇಳಿಕೆ ಬಾಕಿಯದೋ ಎಂದು ಕಾಗದದ ಮೇಲೆ ಬರೆಸಿಕೊಳ್ಳುವ ಮೊದಲು ಬುಕಿಂಗ್ ಹಣ ಕಟ್ಟಬೇಡಿ.