ಮೀನು ಹೊಂಡದ ನೀರು ಕಡು ಹಸಿರಾದಾಗ

ಕೃಷಿ ಹೊಂಡದಲ್ಲಿ ಮೀನು ಸಾಕುವ ರೈತರನ್ನು ಸಾಮಾನ್ಯವಾಗಿ ಕಾಡುವ ಪ್ರಶ್ನೆ ನೀರಿನ ಬಣ್ಣದ್ದು. ಮರಿ ಬಿಟ್ಟ ಹೊಸದರಲ್ಲಿ ತಿಳಿಯಾಗಿದ್ದ ನೀರು ಕೆಲವು ವಾರಗಳಲ್ಲಿ ಹಸಿರಾಗುತ್ತದೆ. ಬೇಸಿಗೆಯ ಹೊತ್ತಿಗೆ ಆ ಹಸಿರು ಗಾಢವಾಗಿ ನೀರು ಮಂದವಾಗುತ್ತದೆ. ಇದನ್ನು ಕಂಡು ಕೆಲವರು ಗಾಬರಿಯಿಂದ ಮೈಲುತುತ್ತ ಸುರಿಯುತ್ತಾರೆ. ಮತ್ತೆ ಕೆಲವರು ಹಸಿರು ಹೆಚ್ಚಿದಷ್ಟೂ ಮೀನಿಗೆ ಆಹಾರ ಹೆಚ್ಚೆಂದು ಭಾವಿಸಿ ಸೆಗಣಿ ಹಾಕುತ್ತಲೇ ಹೋಗುತ್ತಾರೆ. ಎರಡೂ ತಪ್ಪು ಕ್ರಮಗಳೇ. ವರ್ಷವಿಡೀ ಸಾಕಿದ ಮೀನು ಒಂದೇ ರಾತ್ರಿಯಲ್ಲಿ ಸಾಯಲು ಇವು ಕಾರಣವಾಗಬಲ್ಲವು.

ಹಸಿರು ಬಣ್ಣಕ್ಕೆ ಕಾರಣ

ನೀರಿಗೆ ಹಸಿರು ಬಣ್ಣ ಕೊಡುವುದು ಬರಿಗಣ್ಣಿಗೆ ಕಾಣದ ಅತಿ ಸೂಕ್ಷ್ಮ ಪಾಚಿ. ಇದನ್ನು ಸಸ್ಯ ಪ್ಲವಕ ಎನ್ನುತ್ತಾರೆ. ಹೊಲದ ಬೆಳೆಯಂತೆಯೇ ಇದಕ್ಕೂ ಬಿಸಿಲು, ಸಾರಜನಕ ಮತ್ತು ರಂಜಕ ಬೇಕು. ಹೊಂಡಕ್ಕೆ ಹಾಕಿದ ಸೆಗಣಿ, ಮೀನು ತಿನ್ನದೆ ಉಳಿದ ಹಿಂಡಿ ಮತ್ತು ತೌಡು, ಮೀನಿನ ಹಿಕ್ಕೆ, ಮಳೆ ನೀರಿನೊಡನೆ ಹೊಲದಿಂದ ಕೊಚ್ಚಿ ಬರುವ ರಸಗೊಬ್ಬರ, ಕೊಟ್ಟಿಗೆ ತೊಳೆದ ನೀರು ಇವೆಲ್ಲವೂ ಪಾಚಿಗೆ ಗೊಬ್ಬರವಾಗುತ್ತವೆ.

ಹಿತಮಿತವಾಗಿದ್ದರೆ ಈ ಪಾಚಿ ಮೀನು ಕೃಷಿಯ ಅಡಿಪಾಯವೇ ಸರಿ. ಬೆಳ್ಳಿ ಗೆಂಡೆ ಇದನ್ನು ನೇರವಾಗಿ ಸೋಸಿ ತಿನ್ನುತ್ತದೆ. ಕಾಟ್ಲಾ ಮೀನಿನ ಆಹಾರವಾದ ಸೂಕ್ಷ್ಮ ಪ್ರಾಣಿಗಳು ಇದನ್ನೇ ತಿಂದು ಬೆಳೆಯುತ್ತವೆ. ಆದ್ದರಿಂದ ಹಸಿರನ್ನು ಪೂರ್ತಿ ಅಳಿಸುವುದು ರೈತನ ಗುರಿಯಾಗಬಾರದು. ಅದನ್ನು ಮಿತಿಯಲ್ಲಿಡುವುದೇ ಗುರಿಯಾಗಬೇಕು.

ಬೆಳಗಿನ ಜಾವದ ಅಪಾಯ

ಹಗಲಿನಲ್ಲಿ ಪಾಚಿಯು ಬಿಸಿಲಿನ ನೆರವಿನಿಂದ ಆಮ್ಲಜನಕವನ್ನು ನೀರಿಗೆ ಸೇರಿಸುತ್ತದೆ. ಸೂರ್ಯ ಮುಳುಗಿದ ಮೇಲೆ ಈ ಕೆಲಸ ನಿಲ್ಲುತ್ತದೆ. ರಾತ್ರಿಯೆಲ್ಲ ಪಾಚಿಯೂ ಮೀನೂ ತಳದಲ್ಲಿ ಕೊಳೆಯುವ ವಸ್ತುಗಳೂ ಆಮ್ಲಜನಕವನ್ನು ಬಳಸುತ್ತಲೇ ಇರುತ್ತವೆ. ಹೀಗಾಗಿ ಸೂರ್ಯೋದಯಕ್ಕೆ ಮುಂಚೆ ನೀರಿನಲ್ಲಿ ಆಮ್ಲಜನಕ ಅತಿ ಕಡಿಮೆ ಇರುತ್ತದೆ. ಗೆಂಡೆ ಮೀನುಗಳು ಚೆನ್ನಾಗಿ ಬೆಳೆಯಲು ಒಂದು ಲೀಟರು ನೀರಿನಲ್ಲಿ ಸುಮಾರು 5 ಮಿಲಿಗ್ರಾಂ ಆಮ್ಲಜನಕ ಇರಬೇಕು. ಅದು 2 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಮೀನುಗಳು ಮೇಲೆ ಬಂದು ಬಾಯಿ ತೆರೆದು ಗಾಳಿ ನುಂಗತೊಡಗುತ್ತವೆ.

ಎರಡು ಮೂರು ದಿನ ಬಿಡದೆ ಮೋಡ ಕವಿದಿದ್ದರೆ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಹಗಲಿನಲ್ಲಿಯೂ ಆಮ್ಲಜನಕ ಸಾಕಷ್ಟು ಸೇರುವುದಿಲ್ಲ. ಕಡು ಹಸಿರು ನೀರು ಒಂದೆರಡು ದಿನಗಳಲ್ಲೇ ಕಂದು ಬಣ್ಣಕ್ಕೆ ತಿರುಗಿದರೆ ಪಾಚಿ ಒಟ್ಟಾಗಿ ಸತ್ತಿದೆ ಎಂದು ತಿಳಿಯಬೇಕು. ಅದು ಕೊಳೆಯುವಾಗ ಉಳಿದ ಆಮ್ಲಜನಕವೂ ಖರ್ಚಾಗುತ್ತದೆ.

ಅಳೆಯುವ ವಿಧಾನ

ಪಾಚಿಯ ಪ್ರಮಾಣ ತಿಳಿಯಲು 20 ಸೆಂ.ಮೀ. ಅಗಲದ ತಗಡಿನ ಬಿಲ್ಲೆ ಸಾಕು. ಅದನ್ನು ನಾಲ್ಕು ಭಾಗ ಮಾಡಿ, ಎದುರುಬದುರು ಭಾಗಗಳಿಗೆ ಕಪ್ಪು ಮತ್ತು ಬಿಳಿ ಬಣ್ಣ ಬಳಿದು, ಗುರುತು ಹಾಕಿದ ಕೋಲಿನ ತುದಿಗೆ ಕಟ್ಟಬೇಕು. ಬಿಸಿಲಿರುವ ಹೊತ್ತಿನಲ್ಲಿ ನೀರಿಗಿಳಿಸಿ, ಬಿಲ್ಲೆ ಎಷ್ಟು ಆಳದಲ್ಲಿ ಕಣ್ಮರೆಯಾಗುತ್ತದೆ ಎಂದು ನೋಡಬೇಕು. ಇಟಲಿಯ ಖಗೋಳ ವಿಜ್ಞಾನಿ ಸೆಕ್ಕಿ 1865ರಲ್ಲಿ ಬಳಕೆಗೆ ತಂದ ಈ ಕ್ರಮ ಇಂದಿಗೂ ಎಲ್ಲೆಡೆ ಬಳಕೆಯಲ್ಲಿದೆ.

30ರಿಂದ 40 ಸೆಂ.ಮೀ. ಆಳದಲ್ಲಿ ಬಿಲ್ಲೆ ಮರೆಯಾದರೆ ಹೊಂಡ ಸುಸ್ಥಿತಿಯಲ್ಲಿದೆ. 20ರಿಂದ 30 ಸೆಂ.ಮೀ. ಇದ್ದರೆ ಗೊಬ್ಬರ ಕಡಿಮೆ ಮಾಡಬೇಕು. 20 ಸೆಂ.ಮೀ. ಒಳಗೇ ಮರೆಯಾದರೆ ಗೊಬ್ಬರವನ್ನು ಪೂರ್ತಿ ನಿಲ್ಲಿಸಬೇಕು. ಬಿಲ್ಲೆ ಇಲ್ಲದವರು ಮೊಣಕೈವರೆಗೆ ಕೈಯನ್ನು ನೇರವಾಗಿ ನೀರಿನಲ್ಲಿಳಿಸಿ ನೋಡಬಹುದು. ಅರ್ಧಕ್ಕೇ ಅಂಗೈ ಕಾಣದಂತಾದರೆ ಪಾಚಿ ಅತಿಯಾಗಿದೆ ಎಂದರ್ಥ. ನೀರು ಕೆಂಪು ಮಣ್ಣಿನಿಂದ ರಾಡಿಯಾಗಿದ್ದರೆ ಮಾತ್ರ ಈ ಪರೀಕ್ಷೆಯಿಂದ ಪಾಚಿಯ ಪ್ರಮಾಣ ತಿಳಿಯದು.

ಕೈಗೊಳ್ಳಬೇಕಾದ ಕ್ರಮಗಳು

1. ಸೆಗಣಿ ಮತ್ತು ರಸಗೊಬ್ಬರಗಳನ್ನು ತಕ್ಷಣ ನಿಲ್ಲಿಸಬೇಕು.

2. ಮೇವನ್ನು ತೂಕ ನೋಡಿ ಕೊಡಬೇಕು. ಉದಾಹರಣೆಗೆ, 10 ಗುಂಟೆಯ ಹೊಂಡದಲ್ಲಿ ಸರಾಸರಿ 400 ಗ್ರಾಂ ತೂಗುವ 500 ಮೀನುಗಳಿದ್ದರೆ ಒಟ್ಟು ತೂಕ 200 ಕಿ.ಗ್ರಾಂ. ಇದರ ಶೇ. 2ರಂತೆ ದಿನಕ್ಕೆ 4 ಕಿ.ಗ್ರಾಂ. ಹಿಂಡಿ–ತೌಡಿನ ಮಿಶ್ರಣ ಸಾಕು. ಮೋಡದ ದಿನ ಅದನ್ನು ಅರ್ಧಕ್ಕಿಳಿಸಬೇಕು. ಮೀನುಗಳು ಗಾಳಿ ನುಂಗುತ್ತಿದ್ದರೆ ಅಂದು ಮೇವು ಹಾಕಲೇಬಾರದು.

3. ಸಾಧ್ಯವಿದ್ದಷ್ಟು ನೀರನ್ನು ಬದಲಿಸಬೇಕು. ಒಂದೂವರೆ ಮೀಟರು ಆಳದ 10 ಗುಂಟೆ ಹೊಂಡದಲ್ಲಿ ಸುಮಾರು 15 ಲಕ್ಷ ಲೀಟರು ನೀರಿರುತ್ತದೆ. ಇದರ ಐದನೆಯ ಒಂದು ಭಾಗ ಬದಲಿಸುವುದೆಂದರೆ 3 ಲಕ್ಷ ಲೀಟರು. ಗಂಟೆಗೆ 10,000 ಲೀಟರು ಎತ್ತುವ ಪಂಪಿಗೆ 30 ಗಂಟೆಗಳ ಕೆಲಸ. ಕೊಳವೆ ಬಾವಿಯನ್ನೇ ನಂಬಿದವರಿಗೆ ಇದು ದುಬಾರಿ. ಮೊದಲೇ ಗೊಬ್ಬರಕ್ಕೆ ಮಿತಿ ಹಾಕುವುದು ಇದಕ್ಕಿಂತ ಅಗ್ಗದ ಉಪಾಯ.

4. ಬೆಳಗಿನ ಜಾವ ಮೀನುಗಳು ಬಾಯಿ ತೆರೆದು ಮೇಲೆ ಬಂದರೆ ಹೊಂಡದ ಮೇಲ್ಪದರದ ನೀರನ್ನೇ ಪಂಪಿನಿಂದ ಎತ್ತಿ ಮಳೆಯಂತೆ ಚಿಮುಕಿಸಬೇಕು. ಏರೇಟರ್ ಇದ್ದವರು ಅದನ್ನು ನಡುರಾತ್ರಿಯಿಂದಲೇ ನಡೆಸುವುದು ಲೇಸು. ಕೊಳವೆ ಬಾವಿಯ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುವುದರಿಂದ ಅದನ್ನು ಎತ್ತರದಿಂದ ಕಲ್ಲಿನ ಮೇಲೆ ಬೀಳಿಸಿ ಒಳಬಿಡಬೇಕು. ಅಂದು ಬಲೆ ಎಳೆದು ತಳದ ಕೆಸರನ್ನು ಕದಡಬಾರದು.

5. ಹೊಂಡದ ಸುತ್ತ ಬದು ಹಾಕಿ ಹೊಲದ ಮತ್ತು ಕೊಟ್ಟಿಗೆಯ ನೀರು ಒಳಬರದಂತೆ ತಡೆಯಬೇಕು.

ಮೈಲುತುತ್ತ ಬೇಡ

ಮೈಲುತುತ್ತ ಪಾಚಿಯನ್ನು ಕೊಲ್ಲುತ್ತದೆ, ನಿಜ. ಆದರೆ ಪಾಚಿ ಒಟ್ಟಿಗೆ ಸತ್ತು ಕೊಳೆತಾಗ ಆಮ್ಲಜನಕ ಕುಸಿಯುತ್ತದೆ. ಮೆದು ನೀರಿನಲ್ಲಿ ತಾಮ್ರವೇ ಮೀನಿಗೆ ವಿಷವಾಗುತ್ತದೆ. ಸತ್ತ ಪಾಚಿಯ ಸಾರಜನಕ, ರಂಜಕಗಳು ನೀರಿನಲ್ಲೇ ಉಳಿಯುವುದರಿಂದ ಹಸಿರು ಮತ್ತೆ ಬರುತ್ತದೆ. ಸುಣ್ಣವನ್ನೂ ನೀರು ಪರೀಕ್ಷಿಸದೆ ಹಾಕಬಾರದು. ಕಡು ಹಸಿರು ನೀರಿನ ರಸಸಾರ ಮಧ್ಯಾಹ್ನದ ಹೊತ್ತಿಗೆ 9ನ್ನು ಮೀರುವುದುಂಟು. ಅದು ಇನ್ನೂ ಏರಿದರೆ ನೀರಿನಲ್ಲಿರುವ ಅಮೋನಿಯಾ ಹೆಚ್ಚು ವಿಷಕಾರಿಯಾಗುತ್ತದೆ.

ಗಾಳಿ ಬೀಸಿದ ದಡದಲ್ಲಿ ಹಸಿರು ಬಣ್ಣ ಚೆಲ್ಲಿದಂತೆ ದಪ್ಪ ಕೆನೆ ಕಟ್ಟಿದರೆ ಅದು ನೀಲಿ-ಹಸಿರು ಪಾಚಿಯಾಗಿರಬಹುದು. ಇದರ ಕೆಲವು ಜಾತಿಗಳು ವಿಷ ಉತ್ಪಾದಿಸುತ್ತವೆ. ಅಂಥ ನೀರನ್ನು ದನಕರುಗಳಿಗೆ ಕುಡಿಸಬಾರದು. ಕೆನೆಯನ್ನು ದಡದಿಂದ ಬಟ್ಟೆಯಲ್ಲಿ ಬಳಿದು ಹೊರತೆಗೆಯಬೇಕು.

ಹಸಿರು ನೀರು ಬೆಳೆಗೆ

ಕೆನೆ ಕಟ್ಟದ ಹಸಿರು ನೀರನ್ನು ತೆಂಗು, ಬಾಳೆ ಮತ್ತು ಹಿಪ್ಪುನೇರಳೆಗೆ ಕಾಲುವೆಯ ಮೂಲಕ ಹಾಯಿಸುವುದು ಲಾಭದಾಯಕ. ಹೊಂಡಕ್ಕೆ ಭಾರವಾದ ಸಾರಜನಕ, ರಂಜಕಗಳೇ ಅಲ್ಲಿ ಬೆಳೆಗೆ ಪೋಷಕಾಂಶಗಳಾಗುತ್ತವೆ. ಹನಿ ನೀರಾವರಿಗೆ ಬಳಸುವುದಾದರೆ ಮರಳು ಶೋಧಕದ ಮೂಲಕವೇ ಹಾಯಿಸಬೇಕು. ಇಲ್ಲವಾದರೆ ಪಾಚಿಯಿಂದ ತೂತುಗಳು ಕಟ್ಟಿಕೊಳ್ಳುತ್ತವೆ.

ಮನೆಯಲ್ಲಿ ಅಲಂಕಾರಕ್ಕೆ ಇಟ್ಟ ಗಾಜಿನ ತೊಟ್ಟಿಗೂ ನಿಯಮ ಇದೇ. ಕಿಟಕಿಯ ಬಿಸಿಲು ತಪ್ಪಿಸಿ, ಮೇವು ಕಡಿಮೆ ಮಾಡಿ, ನಾಲ್ಕನೆಯ ಒಂದು ಭಾಗದಷ್ಟು ನೀರನ್ನು ವಾರಕ್ಕೊಮ್ಮೆ ಬದಲಿಸಿದರೆ ನೀರು ತಿಳಿಯಾಗುತ್ತದೆ. ಕ್ಲೋರಿನ್ ಬೆರೆತ ನಲ್ಲಿ ನೀರನ್ನು ಅಗಲವಾದ ಪಾತ್ರೆಯಲ್ಲಿ ಒಂದು ದಿನ ಇಟ್ಟು ಬಳಸಬೇಕು.

ಹಸಿರು ನೀರು ರೋಗವಲ್ಲ. ಹೊಂಡಕ್ಕೆ ಹಾಕಿದ ಗೊಬ್ಬರ ಮತ್ತು ಮೇವಿನ ಲೆಕ್ಕವನ್ನು ಅದು ತೋರಿಸುತ್ತದೆ. ವಾರಕ್ಕೊಮ್ಮೆ ಬಿಲ್ಲೆ ಇಳಿಸಿ ಅಳತೆಯನ್ನು ಬರೆದಿಟ್ಟು, ಆ ಅಳತೆಯಂತೆ ಗೊಬ್ಬರ ಹಾಕುವ ರೈತರು ಮೀನು ಸಾಯುವ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಿಕೊಳ್ಳಬಹುದು.