ಊರು ಬಿಡುವ ಮುನ್ನ ಹುಕ್ಕೇರಿಗೊಮ್ಮೆ

ವರ್ಗಾವಣೆ ಆಗಿದೆ, ಮಕ್ಕಳ ಪರೀಕ್ಷೆ ಮುಗಿದರೆ ಸಾಮಾನು ಲಾರಿ ಏರುತ್ತದೆ ಅನ್ನುವ ಗೋಕಾಕ, ಮೂಡಲಗಿ ಕಡೆಯವರಿಗೊಂದು ಮಾತು. ಗಂಟು ಕಟ್ಟುವ ಮೊದಲು ಒಂದು ರವಿವಾರ ಹುಕ್ಕೇರಿಗೆ ಹೋಗಿಬನ್ನಿ. ಇಲ್ಲಿಯ ಗುಲಾಬಿ ವಿಜಾಪುರದ ಆದಿಲ್‌ಶಾಹಿ ಅರಮನೆಗೆ ಹೋಗುತ್ತಿತ್ತೆಂದು ಹಿರಿಯರು ಹೇಳುತ್ತಾರೆ. ಆ ಹೂದೋಟಗಳನ್ನು ಹುಡುಕಲು ಹೋಗಬೇಡಿ. ನೋಡಲಿಕ್ಕೆ ಉಳಿದಿರುವುದು ಆ ಕಾಲದ ಕಲ್ಲಿನ ಗುಮ್ಮಟಗಳು. ಅವು ಗೋರಿಗಳು, ಮಕ್ಕಳಿಗೆ ಮೊದಲೇ ತಿಳಿಸಿಡಿ. ಬೆಳಿಗ್ಗೆಯೇ ಹೊರಡಿ, ಚೈತ್ರದ ಬಿಸಿಲು ಯಾರ ಮಾತೂ ಕೇಳುವುದಿಲ್ಲ. ರೊಟ್ಟಿ, ಶೇಂಗಾ ಚಟ್ನಿ, ಮೊಸರಿನ ಬುತ್ತಿಯನ್ನು ಹಿಡಕಲ್ ಜಲಾಶಯದ ಹತ್ತಿರ ನೆರಳು ಕಂಡಲ್ಲಿ ಬಿಚ್ಚಬಹುದು.

ಮರಳುವಾಗ ಗೋಕಾಕ ಜಲಪಾತ. ಸುಮಾರು 52 ಮೀಟರ್ ಎತ್ತರದ ಬಂಡೆಯ ಮೇಲೆ ಈಗ ನೀರು ತೀರಾ ಕಡಿಮೆ. 'ಬರೀ ಕಲ್ಲು' ಎಂದು ಮುಖ ತಿರುಗಿಸಬೇಡಿ. ಮಳೆಗಾಲದ ಜನಜಂಗುಳಿ ಇಲ್ಲದ ಈ ಹೊತ್ತಿನಲ್ಲೇ ದಂಡೆಯ ಚಾಲುಕ್ಯರ ಕಾಲದ ಮಹಾಲಿಂಗೇಶ್ವರ ಗುಡಿಯನ್ನು ಸಾವಕಾಶ ನೋಡಲು ಆಗುವುದು. ಅಜ್ಜ ಇಲ್ಲಿಯ ನೂಲಿನ ಗಿರಣಿಯಲ್ಲಿ ದುಡಿದವರಾದರೆ ಅವರನ್ನೇ ಮಾತಾಡಲು ಬಿಡಿ. ಮೊಬೈಲಿನಲ್ಲಿ ಹಿಡಿಯಬೇಕಾದದ್ದು ಆ ಮಾತನ್ನು. ಕರದಂಟು ಮಾತ್ರ ಕಡೆಗೆ ಕೊಳ್ಳಿ, ಇಲ್ಲವಾದರೆ ಕಾರಿನಲ್ಲೇ ಖಾಲಿಯಾಗುತ್ತದೆ.