ಮರ ಬಿದ್ದದ್ದು ಯಾರ ಲೆಕ್ಕಕ್ಕೆ?

ಮುಂಗಾರು ಇನ್ನೂ ಕೇರಳದ ಕರಾವಳಿಯನ್ನೇ ಮುಟ್ಟಿರುವುದಿಲ್ಲ, ಬೆಂಗಳೂರಿನಲ್ಲಿ ಮರಗಳು ಉರುಳತೊಡಗುತ್ತವೆ. ಏಪ್ರಿಲ್, ಮೇ ತಿಂಗಳ ಸಂಜೆ ಗಾಳಿ ಎದ್ದು ಅರ್ಧ ಗಂಟೆ ರಪರಪ ಮಳೆ ಹೊಡೆದರೆ ಸಾಕು, ಮರುದಿನದ ಪತ್ರಿಕೆಯಲ್ಲಿ ಜಜ್ಜಿಹೋದ ಕಾರಿನ ಚಿತ್ರ ಇದ್ದೇ ಇರುತ್ತದೆ. ಆಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಮರ ಯಾರದು? ಪಾಲಿಕೆಯದಾದರೆ ಪಾಲಿಕೆ ಕೊಡಲಿ, ಕಾಂಪೌಂಡಿನೊಳಗಿನದಾದರೆ ಮನೆಯವರು ಕೊಡಲಿ. ಇಂಥ ಪ್ರಕರಣಗಳನ್ನು ಗಮನಿಸುತ್ತ, ತೀರ್ಪುಗಳನ್ನು ಓದುತ್ತ ಬಂದ ನನಗೆ ಮನದಟ್ಟಾಗಿರುವುದು ಬೇರೆ. ಒಡೆತನ ಇಲ್ಲಿ ಅರ್ಧದಷ್ಟೂ ಮುಖ್ಯವಲ್ಲ. ಮರ ಬೀಳುವ ಮುನ್ನ ಅದರ ಸ್ಥಿತಿ ಯಾರಿಗೆ ಗೊತ್ತಿತ್ತು, ಗೊತ್ತಿದ್ದೂ ಅವರು ಏನು ಮಾಡಲಿಲ್ಲ ಎಂಬುದರ ಮೇಲೆ ಹೊಣೆ ನಿಲ್ಲುತ್ತದೆ. ನಿಲ್ಲಬೇಕಾದದ್ದೂ ಅಲ್ಲಿಯೇ.

ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಎದುರುಬದುರು ಇಟ್ಟು ಓದಬೇಕು. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ 1951ರಲ್ಲಿ ಕುಸಿದು ಜನ ಸತ್ತರು. ಗೋಪುರಕ್ಕೆ ಸುಮಾರು ಎಂಬತ್ತು ವರ್ಷವಾಗಿತ್ತು, ಗಾರೆ ಸತ್ವ ಕಳೆದುಕೊಂಡಿತ್ತು. ದೋಷ ಹೊರಗೆ ಕಾಣುತ್ತಿರಲಿಲ್ಲ ಎಂಬ ಪಾಲಿಕೆಯ ವಾದವನ್ನು 1966ರಲ್ಲಿ ಕೋರ್ಟ್ ಒಪ್ಪಲಿಲ್ಲ. ಹೆದ್ದಾರಿಗೆ ತಾಗಿ ನಿಂತ ಹಳೆಯ ಕಟ್ಟಡವನ್ನು ಆಗಾಗ ಪರೀಕ್ಷಿಸುವುದು ಅದರ ಒಡೆಯನ ಕರ್ತವ್ಯ ಎಂದಿತು. ಮರದ ವಿಷಯಕ್ಕೆ ಬಂದಾಗ ಮಾತು ಬದಲಾಯಿತು. ರಾಜಕೋಟ್‌ನಲ್ಲಿ 1975ರಲ್ಲಿ ದಾರಿಯಲ್ಲಿ ಹೋಗುತ್ತಿದ್ದ ಒಬ್ಬರ ಮೇಲೆ ರಸ್ತೆಬದಿಯ ಮರ ಬಿದ್ದು ಅವರು ತೀರಿಕೊಂಡರು. ಕೆಳಗಿನ ನ್ಯಾಯಾಲಯ ಪರಿಹಾರ ಕೊಟ್ಟಿತು, ಗುಜರಾತ್ ಹೈಕೋರ್ಟ್ ಎತ್ತಿಹಿಡಿಯಿತು, 1997ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ರಸ್ತೆಬದಿಯಲ್ಲಿ ಮರ ಬೆಳೆಸುವುದು ಪಾಲಿಕೆಯ ವಿವೇಚನೆಗೆ ಬಿಟ್ಟ ಕೆಲಸ, ಹಠಾತ್ತನೆ ಬಿದ್ದ ಪ್ರತಿ ಮರಕ್ಕೂ ಅದನ್ನು ಹೊಣೆ ಮಾಡಲಾಗದು ಎಂಬುದು ಅದರ ನಿಲುವು. ಮರ ಬಿದ್ದಾಗಲೆಲ್ಲ ಪಾಲಿಕೆಯ ವಕೀಲರು ಹಿಡಿದು ತರುವ ತೀರ್ಪು ಇದೇ.

ಆದರೆ ಈ ತೀರ್ಪನ್ನು ಅದು ಹೇಳಿದ್ದಕ್ಕಿಂತ ಹೆಚ್ಚು ದೂರ ಎಳೆಯಲಾಗುತ್ತಿದೆ ಎಂಬುದು ನನ್ನ ಅಭಿಪ್ರಾಯ. ಯಾವ ಮುನ್ಸೂಚನೆಯೂ ಇಲ್ಲದೆ ಬಿದ್ದ ಮರ ಒಂದು, ಬೀಳುತ್ತೇನೆಂದು ವರ್ಷಗಟ್ಟಲೆ ಹೇಳುತ್ತ ನಿಂತಿದ್ದ ಮರ ಇನ್ನೊಂದು. ಇಂಗ್ಲೆಂಡಿನ ನ್ಯಾಯಾಲಯವೂ 1926ರಲ್ಲಿ, ರಸ್ತೆಯ ಮೇಲೆ ಚಾಚಿದ್ದ ಬೀಚ್ ಮರದ ಕೊಂಬೆ ಮುರಿದು ವಾಹನ ಹಾಳಾದ ಪ್ರಕರಣದಲ್ಲಿ ಜಮೀನಿನೊಡೆಯನನ್ನು ಬಿಟ್ಟುಕಳಿಸಿತ್ತು. ಕೊಂಬೆಯೊಳಗಿನ ಬಿರುಕು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ ಎಂಬುದು ಅದಕ್ಕೆ ಕಾರಣ. ಅಂದರೆ ಕಾಣುವಂತಿದ್ದ ದೋಷಕ್ಕೆ ಆ ವಿನಾಯಿತಿ ಸಿಗದು. ನಮ್ಮ ಊರಿನ ಮರಗಳ ದೋಷ ಬಹುಪಾಲು ಕಾಣುವಂಥದ್ದೇ.

ಬಿದ್ದ ಮರದ ಬುಡವನ್ನು ಹತ್ತಿರ ಹೋಗಿ ನೋಡಬೇಕು. ಅಷ್ಟೆತ್ತರದ ಮರಕ್ಕೆ ಬೇರು ಅಷ್ಟೇ ಅಗಲ ಹರಡಿರಬೇಕು, ಅಲ್ಲಿರುವುದೋ ಒಂದು ಚಿಕ್ಕ ಮೊಂಡು ಮುದ್ದೆ. ಒಂದು ಪಕ್ಕದ ಬೇರುಗಳು ಗರಗಸ ಹಾಕಿದಂತೆ ನೇರವಾಗಿ ತುಂಡಾಗಿವೆ, ತುದಿ ಕಪ್ಪಾಗಿ ಕೊಳೆತಿದೆ, ಪಕ್ಕದಲ್ಲೇ ಕೇಬಲ್ ಎಳೆದ ಪ್ಲಾಸ್ಟಿಕ್ ಕೊಳವೆ ಇಣುಕುತ್ತಿದೆ. ಚರಂಡಿ, ನೀರಿನ ಪೈಪು, ಕೇಬಲ್ಲು ಎಂದು ಅಗೆದವರೆಲ್ಲ ಒಂದೊಂದು ಬೇರು ಕಡಿದಿದ್ದಾರೆ. ಮೇಲೆ ವಿದ್ಯುತ್ ತಂತಿಗೆ ತಾಗುತ್ತದೆಂದು ರಸ್ತೆಯ ಒಂದೇ ಪಕ್ಕದ ಕೊಂಬೆಗಳನ್ನು ಸವರಿ ಮರದ ಭಾರವನ್ನೆಲ್ಲ ಇನ್ನೊಂದು ಪಕ್ಕಕ್ಕೆ ಬಿಟ್ಟಿದ್ದಾರೆ. ಕಾಂಡದ ಬುಡಕ್ಕೇ ಕಾಂಕ್ರೀಟು, ಅದರ ಮೇಲೆ ಟೈಲ್ಸು. ದೆಹಲಿಯ ಮರಗಳ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಲು ಹೇಳಿತ್ತು. ನಮ್ಮ ಫುಟ್‌ಪಾತ್‌ಗಳಿಗೆ ಆ ಸುದ್ದಿ ತಲುಪಿದಂತಿಲ್ಲ. ಗುಲ್‌ಮೊಹರ್‌ನಂಥ ಮೆದು ಮರದ, ಮೇಲ್ಬೇರಿನ ಜಾತಿಗೆ ಇಷ್ಟೆಲ್ಲ ಮಾಡಿ, ಪ್ರತಿ ವರ್ಷ ಅದೇ ತಿಂಗಳು ಬರುವ ಗಾಳಿಯನ್ನು ದೈವಕೃತ್ಯ ಎಂದು ಕರೆಯುವುದು ಜಾಣತನ ಮಾತ್ರ. ಕ್ಯಾಲೆಂಡರ್ ನೋಡಿ ಹೇಳಬಹುದಾದ ಗಾಳಿ ಅದು.

ಅಧಿಕಾರವಿರಲಿಲ್ಲ ಎನ್ನುವಂತೆಯೂ ಇಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕೆನ್ನುತ್ತದೆ ನಿಜ. ಅದೇ ಕಾಯ್ದೆ ಸತ್ತ, ರೋಗ ಹಿಡಿದ, ಜೀವಕ್ಕೋ ಆಸ್ತಿಗೋ ಅಪಾಯ ತರುವ ಮರಕ್ಕೆ ಅನುಮತಿ ನಿರಾಕರಿಸಬಾರದು ಎಂದೂ ಹೇಳುತ್ತದೆ, ಮರಗಣತಿಯನ್ನೂ ವೃಕ್ಷ ಪ್ರಾಧಿಕಾರದ ಕೆಲಸಗಳಲ್ಲಿ ಸೇರಿಸಿದೆ. ಖಾಸಗಿ ಮರದ ಪ್ರಶ್ನೆ ಜಟಿಲವಾಗುವುದು ಇಲ್ಲಿಯೇ. ಕಾಂಪೌಂಡಿನ ಒಳಗೆ ಹುಟ್ಟಿ ರಸ್ತೆಗೆ ಬಾಗಿದ ಮರ ಬಿದ್ದರೆ ಮೊದಲ ಹೊಣೆ ಮನೆಯ ಯಜಮಾನರದು. ಆದರೆ ಅವರು ತಮ್ಮ ಮರವನ್ನು ತಾವೇ ಕಡಿಯುವಂತಿಲ್ಲ. ಅರ್ಜಿ ಹಾಕಿ, ಮರ ಟೊಳ್ಳಾಗಿದೆ ಎಂದು ಬರೆದು ಕೊಟ್ಟು, ಉತ್ತರವೇ ಬರದಿದ್ದರೆ? ಅರ್ಜಿಯ ಸ್ವೀಕೃತಿ ಅವರ ಕೈಯಲ್ಲಿದ್ದಷ್ಟು ದಿನ ಹೊಣೆಯ ದೊಡ್ಡ ಪಾಲು ಕಚೇರಿಯ ಮೇಜಿನ ಮೇಲೆ ಕೂತಿದೆ ಎನ್ನುತ್ತೇನೆ ನಾನು. ಅರ್ಜಿಯನ್ನೇ ಹಾಕದೆ ಸುಮ್ಮನಿದ್ದವರಿಗೆ ಈ ರಕ್ಷಣೆ ಇಲ್ಲ.

ಆದ್ದರಿಂದ ಇಡೀ ವಿಷಯ ಕೊನೆಗೆ ಕಾಗದಕ್ಕೆ ಬಂದು ನಿಲ್ಲುತ್ತದೆ, ಅದೂ ಮರ ಬೀಳುವ ಮುಂಚಿನ ಕಾಗದಕ್ಕೆ. ಬುಡದಲ್ಲಿ ಅಣಬೆ ಎದ್ದಿದೆ, ಬದನಿಕೆ ಹಬ್ಬಿದೆ, ಮರ ವಾಲಿದೆ ಎಂದು ಸಹಾಯವಾಣಿಗೆ ಫೋನು ಮಾಡುವುದರ ಜೊತೆಗೆ ಪಾಲಿಕೆಯ ಅರಣ್ಯ ವಿಭಾಗಕ್ಕೆ ಲಿಖಿತ ದೂರು ಕೊಟ್ಟು, ದಿನಾಂಕವಿರುವ ಸೀಲು ಹಾಕಿಸಿಕೊಂಡ ನಿವಾಸಿಗಳು ಆ ಬೀದಿಗೆಲ್ಲ ಉಪಕಾರ ಮಾಡಿದಂತೆ. ಆ ಸೀಲು ಬಿದ್ದ ಮೇಲೆ ‘ನಮಗೆ ಗೊತ್ತಿರಲಿಲ್ಲ’ ಎನ್ನುವುದು ಕಷ್ಟ. ಮರ ಬಿದ್ದ ಮೇಲಿನ ಸಾಕ್ಷ್ಯಕ್ಕಂತೂ ಆಯುಷ್ಯ ಕೆಲವೇ ಗಂಟೆ. ರಸ್ತೆ ತೆರವು ಮಾಡಲು ಬಂದವರು ಗರಗಸ ಹಾಕಿ ದಿಮ್ಮಿಯನ್ನು ಲಾರಿಗೆ ತುಂಬುತ್ತಾರೆ. ಅವರ ಕೆಲಸ ಅದು, ತಪ್ಪೇನಿಲ್ಲ. ಆದರೆ ಟೊಳ್ಳು ಕಾಂಡ, ಕಡಿದ ಬೇರು ಎಲ್ಲ ಪಾಲಿಕೆಯ ಲಾರಿಯಲ್ಲೇ ಹೊರಟುಹೋಗುತ್ತವೆ. ಕಾರಿನ ಫೋಟೊವನ್ನು ಎಲ್ಲರೂ ತೆಗೆಯುತ್ತಾರೆ, ಬುಡದ ಫೋಟೊ ತೆಗೆಯುವವರು ಕಡಿಮೆ. ಪೊಲೀಸ್ ಠಾಣೆಗೆ ತಿಳಿಸಿ ಮಹಜರು ಮಾಡಿಸಿದರೆ ಇನ್ನೂ ಒಳ್ಳೆಯದು. ದಾವೆ ಹೂಡುವ ಮುನ್ನ ಪಾಲಿಕೆಗೆ ನೋಟಿಸ್ ಕೊಟ್ಟು ಕಾಯಬೇಕಾಗುತ್ತದೆ, ಆ ಹೊತ್ತಿಗೆ ಉಳಿದಿರುವುದು ಈ ಕಾಗದ ಮತ್ತು ಫೋಟೊಗಳು ಮಾತ್ರ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ತೂಕವಿರುವುದು ಒಂದು. ಪಾಲಿಕೆಯ ಕೈಯಿಂದ ಪರಿಹಾರ ಕೊಡಿಸತೊಡಗಿದರೆ ಅದು ಸುಲಭದ ದಾರಿ ಹಿಡಿದು ದೊಡ್ಡ ಮರಗಳನ್ನೆಲ್ಲ ನೆಲಕ್ಕುರುಳಿಸುತ್ತದೆ. ಕಾರು ಉಳಿಸಲು ಹೋಗಿ ನೆರಳು ಕಳೆದುಕೊಳ್ಳುತ್ತೇವೆ. 1980ರ ದಶಕದಲ್ಲಿ ನೇಗಿನಹಾಳರಂಥ ಅರಣ್ಯಾಧಿಕಾರಿಗಳು ಲಕ್ಷಗಟ್ಟಲೆ ಸಸಿ ನೆಟ್ಟು ಕೊಟ್ಟ ಊರಿಗೆ ಈ ಭಯ ಸುಳ್ಳಲ್ಲ. ಬಿದ್ದ ಪ್ರತಿ ಮರಕ್ಕೂ ಹಣ ಕಕ್ಕಿಸಿದರೆ ಹಾಗೆಯೇ ಆಗುತ್ತದೆ, ಅಷ್ಟರಮಟ್ಟಿಗೆ ರಾಜಕೋಟ್ ತೀರ್ಪಿನ ಆತಂಕ ನನಗೂ ಒಪ್ಪಿಗೆ. ಆದರೆ ತಿಳಿದೂ ಸುಮ್ಮನಿದ್ದುದಕ್ಕೆ ಮಾತ್ರ ಹೊಣೆ ಹೊರಿಸಿದರೆ ಫಲ ತಿರುವುಮುರುವಾಗುತ್ತದೆ. ಆಗ ಪರೀಕ್ಷೆ ಮಾಡಿ, ಗಟ್ಟಿಯಾಗಿದೆ ಎಂದು ದಾಖಲಿಸಿದ ಮರವೇ ಪಾಲಿಕೆಗೆ ರಕ್ಷಣೆ. ರಸ್ತೆ ಅಗೆಯುವ ಗುತ್ತಿಗೆದಾರನಿಗೆ ಬೇರು ಕಡಿದರೆ ದಂಡ ಬೀಳುತ್ತದೆಂಬ ಹೆದರಿಕೆ ಹುಟ್ಟಿದರೆ ಮರಕ್ಕೇ ಲಾಭ. ರಸ್ತೆಯಲ್ಲಿ ಪುಕ್ಕಟೆ ಗಾಡಿ ನಿಲ್ಲಿಸಿದವರಿಗೆ ಪರಿಹಾರವೇಕೆ ಎಂಬ ಇನ್ನೊಂದು ಮಾತಿದೆ. ನಿಲುಗಡೆ ನಿಷೇಧವಿದ್ದಲ್ಲಿ ನಿಲ್ಲಿಸಿದ್ದರೆ ಪರಿಹಾರದಲ್ಲಿ ಅಷ್ಟು ಕಡಿತವಾಗಲಿ. ಅನುಮತಿ ಇರುವ ಜಾಗದಲ್ಲಿ ಆ ಮಾತಿಗೆ ಅರ್ಥವಿಲ್ಲ, ಅದೇ ಮರದ ಕೆಳಗೆ ಶಾಲೆಯ ಮಕ್ಕಳೂ ನಡೆದುಹೋಗುತ್ತಾರೆ.

ವಿಮೆ ಇದೆಯಲ್ಲ, ಕೋರ್ಟು ಕಚೇರಿ ಯಾಕೆ ಎಂದು ಕೇಳುವವರೇ ಹೆಚ್ಚು. ಕಾಂಪ್ರೆಹೆನ್ಸಿವ್ ಪಾಲಿಸಿ ಇದ್ದರೆ ಬಿರುಗಾಳಿಗೂ ಹೊರಗಿನಿಂದಾದ ಆಕಸ್ಮಿಕ ಹಾನಿಗೂ ದುಡ್ಡು ಬರುತ್ತದೆ, ಮರ ಯಾರದೆಂದು ಕಂಪನಿ ಕೇಳುವುದಿಲ್ಲ. ತಕ್ಷಣದ ದಾರಿ ಅದೇ, ಸರ್ವೇಯರ್ ಬಂದು ನೋಡುವವರೆಗೆ ಗಾಡಿಯನ್ನು ರಿಪೇರಿಗೆ ಬಿಡಬಾರದು ಅಷ್ಟೆ. ಆದರೆ ಪೂರ್ತಿ ದುಡ್ಡು ಬರುವುದಿಲ್ಲ. ಸವಕಳಿ ಕಡಿತವಿಲ್ಲದ ‘ಜೀರೊ ಡಿಪ್ರಿಸಿಯೇಶನ್’ ಪಾಲಿಸಿ ಇಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ಕಡಿತ. ಕ್ಲೇಮ್ ಮಾಡದೆ ವರ್ಷವರ್ಷ ಕೂಡಿಸಿಕೊಂಡು ಬಂದ, 50 ಪ್ರತಿಶತದವರೆಗೂ ಏರುವ ನೋ ಕ್ಲೇಮ್ ಬೋನಸ್ಸೂ ಹೋಗುತ್ತದೆ. ದುಡ್ಡು ಕೊಟ್ಟ ವಿಮಾ ಕಂಪನಿಗೆ ಮಾಲೀಕನ ಸ್ಥಾನದಲ್ಲಿ ನಿಂತು ತಪ್ಪಿತಸ್ಥರಿಂದ ವಸೂಲು ಮಾಡುವ ಹಕ್ಕಿದೆ. ಒಂದು ಬಂಪರು, ಎರಡು ಬಾಗಿಲಿಗಾಗಿ ಯಾವ ಕಂಪನಿ ಪಾಲಿಕೆಯ ಮೇಲೆ ವರ್ಷಗಟ್ಟಲೆ ದಾವೆ ನಡೆಸೀತು? ಹೀಗೆ ಮರದ ಆರೈಕೆ ಮಾಡದಿದ್ದುದರ ಖರ್ಚು ಪ್ರೀಮಿಯಮ್ಮಿನ ರೂಪದಲ್ಲಿ ಎಲ್ಲ ವಾಹನ ಮಾಲೀಕರ ಮೇಲೆ ಹಂಚಿಹೋಗುತ್ತದೆ, ಆರೈಕೆ ಮಾಡಬೇಕಾದವರಿಗೆ ಬಿಸಿ ತಟ್ಟುವುದೇ ಇಲ್ಲ.

ಇನ್ನು ಸ್ಕೂಟರಿನವರು. ಕಾನೂನು ಕಡ್ಡಾಯ ಮಾಡಿರುವ ಥರ್ಡ್ ಪಾರ್ಟಿ ವಿಮೆಯನ್ನಷ್ಟೇ ಮಾಡಿಸಿದ ದ್ವಿಚಕ್ರ ವಾಹನದ ಮೇಲೆ ಮರ ಬಿದ್ದರೆ ವಿಮೆಯಿಂದ ಒಂದು ಪೈಸೆಯೂ ಹುಟ್ಟುವುದಿಲ್ಲ. ನಲವತ್ತು ಸಾವಿರದ ಗಾಡಿಗಾಗಿ ಸಿವಿಲ್ ಕೋರ್ಟಿಗೆ ಹೋಗು ಎನ್ನುವುದೂ ಬಿಟ್ಟುಬಿಡು ಎನ್ನುವುದೂ ಒಂದೇ. ಮರ ಬಿದ್ದು ಜೀವ ಹೋದಾಗ ಪರಿಹಾರ ಘೋಷಿಸುವ ರೂಢಿ ಪಾಲಿಕೆಗೆ ಈಗಾಗಲೇ ಇದೆ. ಬೃಹತ್ ಬೆಂಗಳೂರು ಪಾಲಿಕೆ ಹೋಗಿ 2025ರಲ್ಲಿ ಐದು ಪಾಲಿಕೆಗಳಾದವು. ಈ ಐದರಲ್ಲಿ ಒಂದಾದರೂ, ಮೊದಲೇ ದೂರು ದಾಖಲಾಗಿದ್ದ ಮರ ಬಿದ್ದು ಆದ ವಾಹನ ಹಾನಿಗೆ ವಾರ್ಡ್ ಕಚೇರಿಯಲ್ಲೇ ಅರ್ಜಿ ತೆಗೆದುಕೊಂಡು, ಒಂದು ಮಿತಿಯೊಳಗಿನ ಮೊತ್ತವನ್ನು ಅಲ್ಲೇ ಇತ್ಯರ್ಥ ಮಾಡುವ ನಿಯಮ ತರಬಹುದು. ಬೇರು ಕಡಿದ ಗುತ್ತಿಗೆದಾರ ಯಾರೆಂದು ರಸ್ತೆ ಅಗೆತದ ಅನುಮತಿ ಪತ್ರದಲ್ಲೇ ಇರುತ್ತದೆ, ಕೊಟ್ಟ ಹಣವನ್ನು ಅವನ ಠೇವಣಿಯಿಂದ ಮುರಿದುಕೊಳ್ಳಲು ಅಡ್ಡಿಯೇನಿದೆ?